ಮಾಮನ ಒಂದೇ ಕ್ರಿಯಾಪದ

ಇಡೀ ನೀಲಗಿರಿಯಲ್ಲಿ ದೊರೆಗಳಷ್ಟೇ ಸಲೀಸಾಗಿ ಇಂಗ್ಲಿಷ್ ಆಡುತ್ತಿದ್ದವನೆಂದರೆ ತುಮ್ಮನಟ್ಟಿಯ ನನ್ನ ಸೋದರಮಾವನೇ. ನಗಬೇಡಿ! ಅವನಿಗೆ ಬರುತ್ತಿದ್ದುದು ಒಂದೇ ಕ್ರಿಯಾಪದ, ನಿಜ. ಆದರೆ ಅದರಿಂದ ಅವನು ಮಾಡಿಸಿಕೊಂಡಷ್ಟು ಕೆಲಸವನ್ನು ಯಾವ ದೊರೆ ಮಾಡಿಸಿಕೊಂಡಾನು?

ಉದಕಮಂಡಲದ ಒಂದು ಬಂಗಲೆಯ ತೋಟದಲ್ಲಿ ದುಡಿಯುವಾಗ ಅವನಿಗೆ ಸಿಕ್ಕಿದ ಪದ 'ಕೀಪ್'. ಅಲ್ಲಿಯ ದೊರೆ ನಾಯಿಯನ್ನೂ ಕೀಪ್ ಮಾಡುತ್ತಿದ್ದರು, ಕೊಟ್ಟ ಮಾತನ್ನೂ ಕೀಪ್ ಮಾಡುತ್ತಿದ್ದರು, ಕುದುರೆ ಏರಿದರೆ ರಸ್ತೆಯ ಎಡಬದಿಯನ್ನೂ ಕೀಪ್ ಮಾಡುತ್ತಿದ್ದರು! ಇಷ್ಟು ದುಡಿಯುವ ಪದ ಒಂದಿರುವಾಗ ಇನ್ನೊಂದು ಏಕೆ? ಮಾಮ ಅಲ್ಲಿಗೇ ಕಲಿಕೆ ನಿಲ್ಲಿಸಿದ.

ಹಾಲು ಕರೆಯುವಾಗ ಎಮ್ಮೆ ಕಾಲೆತ್ತಿದರೆ "ಕೀಪ್!" ಎಮ್ಮೆ ಕಾಲಿಳಿಸುತ್ತಿತ್ತು. ಆಲೂಗಡ್ಡೆ ಅಗೆದರೆ ಒಳ್ಳೆಯದೆಲ್ಲ ಬಿತ್ತನೆಗೆ ಕೀಪ್. ಮಾಮಿ ಸಾರಿಗೆಂದು ಕೈಹಾಕಿದರೂ "ಕೀಪ್!"

"ಎಲ್ಲ ಕೀಪ್ ಆದರೆ ಸಾರಿಗೆ ನಿನ್ನ ಮಂಡೆಯ ಹಾಕಲೋ?" ಎಂದಳು ಮಾಮಿ.

"ಬಾಯಿ ಕೀಪ್!"

ಎಮ್ಮೆಗೆ ಅರ್ಥವಾದದ್ದು ಮಾಮಿಗೆ ಆಗಲಿಲ್ಲ. ಅವತ್ತು ಅವನಿಗೆ ಸಾರೇ ಇಲ್ಲ!

ಒಂದು ಚಳಿಗಾಲ ಅವರ ಒಬ್ಬಳೇ ಮಗಳಿಗೆ ಎದೆಯಲ್ಲಿ ಕಫ ಕಟ್ಟಿತು. ಮೊದಲು ಮಾತು ನಿಂತಿತು, ಆಮೇಲೆ ಕಣ್ಣು ಬಿಡುವುದೂ ನಿಂತಿತು. ಕಂಬಳಿಯಲ್ಲಿ ಸುತ್ತಿ ಉದಕಮಂಡಲದ ಆಸ್ಪತ್ರೆಗೆ ಹೊತ್ತೊಯ್ದೆವು. ಇಂಗ್ಲಿಷ್ ಓದಿದವನೆಂದು ನನ್ನನ್ನು ಜೊತೆಗೆ ಕರೆದಿದ್ದರು. ಮೇಜಿನ ಮೇಲೆ ಕಂಬಳಿ ಬಿಚ್ಚಿದಾಗ ಅವಳ ಉಗುರು ನೀಲಿಯಾಗಿದ್ದುದನ್ನು ಕಂಡೆ. ನನ್ನ ನಾಲಿಗೆ ಏಳಲಿಲ್ಲ. ಮಾಮನೇ ಮುಂದೆ ಬಂದು, ಹರೆಯದ ಡಾಕ್ಟರ್ ದೊರೆಯನ್ನು ನೋಡಿ, ಮೆಲ್ಲಗೆ "ಕೀಪ್, ದೊರೆ" ಎಂದ. ಆ ಪದವನ್ನು ಅವನು ಕೂಗದೆ ಹೇಳಿದ್ದು ಅದೇ ಮೊದಲು.

ಡಾಕ್ಟರು ಕೊಳವೆಯನ್ನು ಕಿವಿಗಿಟ್ಟು ಮಗುವಿನ ಎದೆಯ ಮೇಲೆ ಬಾಗಿದರು. ನಮ್ಮಲ್ಲಿ ಕಿರಿಯರು ಎದುರಿಗೆ ತಲೆ ಬಾಗಿಸಿದರೆ ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಲೇಬೇಕು. ಬಾಗಿದ ತಲೆಯನ್ನು ಬರಿದೇ ಬಿಡುವಂತಿಲ್ಲ. ಮಾಮನ ಕೈ ತಾನಾಗಿ ಆ ಕಂದು ಕೂದಲಿನ ಮೇಲೆ ಹೋಯಿತು.

"ಬದ್ಕು ಮಗ, ಚೆಂದಾಗಿ ಬದ್ಕು."

"ಯೋವ್! ಕೈಯ ಎಡು!" ಎಂದು ಕಂಪೌಂಡರ್ ತಮಿಳಿನಲ್ಲಿ ಗದರಿದ. ಹರಸುವ ಕೈಯನ್ನು ನಡುವೆ ತೆಗೆಯುವುದುಂಟೆ? ಮಾಮ ತೆಗೆಯಲಿಲ್ಲ. ಡಾಕ್ಟರು ತಲೆಯೆತ್ತದೆ, ಸುಮ್ಮನಿರುವಂತೆ ಕಂಪೌಂಡರಿಗೆ ಬೆರಳು ತೋರಿಸಿದರು. ಅವರು ಉಸಿರು ಕೇಳುತ್ತಿದ್ದರು. ನಾವು ಉಸಿರು ಬಿಗಿಹಿಡಿದಿದ್ದೆವು.

ಆಗ ಹುಡುಗಿ ಕಣ್ಣು ತೆರೆದಳು. ಅಪ್ಪನ ಕೈ ಬೇರೆ ಯಾರದೋ ತಲೆಯ ಮೇಲಿರುವುದನ್ನು ನೋಡಿದಳು.

"ಅಪ್ಪಾ... ಎನಗ?"

ಮಾಮ ಇನ್ನೊಂದು ಕೈಯನ್ನು ಅವಳ ತಲೆಗಿಟ್ಟ.  ಎರಡನ್ನೂ ತೆಗೆಯಲಿಲ್ಲ.