ಜಪಾನಿನ ಅಳಿಯ ಮತ್ತು ನಮ್ಮ ಯಜಮಾನರ ಕಿವಿ

ನಮ್ಮ ಮೊಮ್ಮಗಳಿಗೆ ಇನ್ನೂ ಮದುವೆಯಾಗಿಲ್ಲ ಅಂತ ಯಾರು ಹೇಳಿದ್ದು? ಆಗಿದೆ! ಗಂಡು ಜಪಾನಿನವನು. ಬಣ್ಣ ನೀಲಿ. ವಯಸ್ಸು ಸ್ವಲ್ಪ ಜಾಸ್ತಿಯೇ ಆಯಿತು, ಇವಳ ಕೈಗೆ ಸಿಗುವ ಮೊದಲು ಇನ್ನಿಬ್ಬರ ಮನೆಯಲ್ಲಿ ಇದ್ದು ಬಂದವನು ಬೇರೆ. ಆದರೆ ಇವಳು ಒಪ್ಪಿದ ಮೇಲೆ ನಾವು ಬೇಡ ಅನ್ನುವುದಕ್ಕೆ ಯಾರು? ಸಂಜೆ ಮನೆಗೆ ಬಂದವಳು ನಮ್ಮ ಮುಖ ನೋಡುವುದಕ್ಕಿಂತ ಮೊದಲು ಅವನ ಮುಖ ಒರೆಸುತ್ತಾಳೆ. ಭಾನುವಾರ ಬಂದರೆ ಮುಗಿಯಿತು, ಇಡೀ ದಿನ ಅವನ ಹೊಟ್ಟೆಯಡಿ ಅಂಗಾತ ಮಲಗಿರುತ್ತಾಳೆ. ಊಟಕ್ಕೆ ಕರೆದರೆ ಒಳಗಿನಿಂದ ಎರಡು ಕಾಲು ಮಾತ್ರ ಅಲ್ಲಾಡುತ್ತವೆ!

ಗಂಡು ಅಂದದ್ದು ಕಾರಿಗೆ. ಓಟಕ್ಕೆಂದೇ ಹುಟ್ಟಿದ ಜಾತಿಯಂತೆ. ನಮ್ಮ ಹುಡುಗಿ ಹುಣಸೂರಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೊಡಗಿನ ಕಡೆ ಯಾರದೋ ತೋಟದ ಶೆಡ್ಡಿನಲ್ಲಿ ಈ ಕಾರು ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ. ಇವಳು ಕೋಳಿಯನ್ನು ಇಳಿಸಿ ಕಾರನ್ನು ಮನೆಗೆ ತಂದಳು. ನನ್ನ ಮಗ, ಅಂದರೆ ಅವಳ ಅಪ್ಪ, ಸುತ್ತ ಒಂದು ಬಾರಿ ನೋಡಿ ಕೇಳಿದ:

“ಇದ್ರಲ್ಲಿ ಎಷ್ಟು ಬೇಲ್ ಹೊಗೆಸೊಪ್ಪು ಹಿಡಿಸ್ತದೆ?”

“ಒಂದೂ ಹಿಡಿಸಕ್ಕಿಲ್ಲ ಕಣಪ್ಪ.”

“ಕೋಳೀನಾದ್ರೂ ಬುಟ್ಟಿದ್ರೆ ಮೊಟ್ಟೆ ಇಕ್ಕೋದು,” ಅಂತ ಒಳಗೆ ಹೋದ.

ಅಲ್ಲಿಂದ ಶುರುವಾಯಿತು ನೋಡಿ ಶೃಂಗಾರ. ತಿಂಗಳಿಗೊಂದು ಸಾಮಾನು. ನಾನು ನನ್ನ ಒಡವೆ ಮಾಡಿಸಿಕೊಂಡದ್ದೂ ಹೀಗೆಯೇ, ಒಂದು ಬೆಳೆಗೆ ಓಲೆ, ಇನ್ನೊಂದು ಬೆಳೆಗೆ ಮೂಗುಬೊಟ್ಟು. ಅದಕ್ಕೇ ನಾನು ಬೈಯಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು, ಆ ಸಾಮಾನುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನನ್ನದೇ ಹೆಸರಿಟ್ಟುಕೊಂಡೆ. ಒಂದು ದಿನ ಬಸವನಹುಳುವಿನಂಥ ಕಬ್ಬಿಣದ ಉಂಡೆ ತಂದಳು.

“ಇದೇನೇ ಕೂಸೇ?”

“ಟರ್ಬೋ ಕಣಜ್ಜಿ. ಇಂಜಿನ್ನಿಗೆ ಗಾಳಿ ಊದ್ತದೆ. ಬೆಂಕಿ ಜೋರಾಯ್ತದೆ.”

“ಒಲೆ ಊದೋ ಕೊಳವೆ ಅನ್ನು!”

“ಊಂ, ಅಂಗೇ ಅನ್ಕೊ.”

“ಅಷ್ಟಕ್ಕೆ ಇಷ್ಟು ದಿನ ಒದ್ದಾಡಿದೆಯಾ? ನಮ್ಮ ಅಡಿಗೆಮನೇದೇ ಕೊಡ್ತಿದ್ದೆನಲ್ಲೇ!”

ಗಾಳಿ ಸೋಸುವುದಕ್ಕೆ ಒಂದು ಬಟ್ಟೆಯ ಟೋಪಿ ಇದೆ ಅದಕ್ಕೆ. ಆಗಾಗ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ಹಚ್ಚುತ್ತಾಳೆ. ಹುಟ್ಟಿದಾಗಿನಿಂದ ಇವಳ ತಲೆಗೆ ಎಣ್ಣೆ ಹಚ್ಚಲು ನಾನು ಹಿತ್ತಿಲೆಲ್ಲ ಅಟ್ಟಿಸಿಕೊಂಡು ಓಡಿದ್ದೇನೆ. ಕಾರಿನ ಟೋಪಿಗೆ ಮಾತ್ರ ಹಬ್ಬವಿಲ್ಲದೆಯೂ ಎಣ್ಣೆಸ್ನಾನ!

ಈಗ ನಮ್ಮ ಯಜಮಾನರ ವಿಷಯ ಹೇಳಬೇಕು. ಅವರನ್ನು ಬಿಟ್ಟು ಈ ಕಥೆಯಿಲ್ಲ.

ಈ ಕೂಸು ಇಸ್ಕೂಲಿಗೆ ಹೋಗುತ್ತಿದ್ದಾಗ, ಬಸ್ಸು ಮೇನ್ ರೋಡಿನಲ್ಲಿ ನಿಂತ ಸದ್ದಿಗೇ ಇವರು ಜಗಲಿಯಿಂದ ಕೂಗುತ್ತಿದ್ದರು, “ಕೂಸು ಬಂತು, ಎಸರಿಡಮ್ಮಿ!” ನಾನು ಮುದ್ದೆಗೆ ಎಸರಿಡುತ್ತಿದ್ದೆ. ಅದು ನಮ್ಮ ಮನೆಯ ಗಡಿಯಾರ. ಆಮೇಲಾಮೇಲೆ ಅವರ ಕಿವಿ ಮಂದವಾಯಿತು. ಕೂಗುವುದು ನಿಂತಿತು. ಕಿವಿಗೆ ಹಾಕುವ ಮಿಷಿನ್ನು ತಂದುಕೊಟ್ಟೆವು. ಒಂದು ವಾರ ಹಾಕಿಕೊಂಡರು. “ಒಳಗೆ ನಾಗರಾವು ಬುಸುಗುಟ್ಟಿದಂಗಾಯ್ತದೆ” ಅಂತ ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿದರು. ಸುಣ್ಣದ ಡಬ್ಬಿ ಅದರ ಮೇಲೆ ಒಡೆದುಕೊಂಡಿತು. ರಿಪೇರಿಯವನು ತಿರುಗಿಸಿ ಮುರುಗಿಸಿ ನೋಡಿ, “ಇದು ಕಿವೀಗೆ ಹಾಕ್ಕೊಳ್ಳೋದು ಕಣ್ ಯಜಮಾನ್ರೇ, ಬಾಯಿಗಲ್ಲ” ಅಂದ.

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅವರಿಗೆ ಕೇಳಿಸಿರಲಿಲ್ಲ.

ಆಮೇಲೆ ಟೀ ಅಂಗಡಿಗೆ ಹೋಗುವುದು ಬಿಟ್ಟರು. ಯಾರು ಏನು ಹೇಳಿದರೂ “ಊಂ” ಅನ್ನುವುದು ಕಲಿತರು. ಸಂಜೆ ಕೂಸು ಎದುರಿಗೆ ಬಂದು ನಿಂತಾಗ ಬೆಚ್ಚಿಬಿದ್ದು, “ಯಾವಾಗ ಬಂದೆ?” ಅಂತ ಸಣ್ಣ ಮುಖ ಮಾಡುವುದು. ಅರವತ್ತು ಜನ ಆಳಿಗೆ ಗದರಿದ ಗಂಟಲು ಅದು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಹೀಗೇ ಹೋದರೆ ಒಂದು ದಿನ ಪೂರಾ ಆರಿಹೋಗುತ್ತಾರೆ ಅಂತ ನನಗೆ ಭಯ. ಯಾರಿಗೆ ಹೇಳಲಿ?

ಇರಲಿ, ಕಾರಿಗೆ ಬರೋಣ. ಯಾರೋ ಹೇಳಿದರಂತೆ, ಕಾರು ನೆಲಕ್ಕೆ ಹತ್ತಿರವಿದ್ದಷ್ಟೂ ಚೆಂದ ಓಡುತ್ತದೆ ಅಂತ. ಇವಳು ಸ್ಪ್ರಿಂಗ್ ಬದಲಾಯಿಸಿ ಇಳಿಸಿದಳು, ಇಳಿಸಿದಳು, ಕಪ್ಪೆ ಕೂತ ಹಾಗೆ ಮಾಡಿದಳು. ಪೂಜೆ ಮಾಡಲು ಬಂದ ಐನೋರು ಟೈರಿನ ಕೆಳಗೆ ನಿಂಬೆಹಣ್ಣಿಡಲು ಕೈ ತೂರಿಸಿದರು. ಕೈ ಹೋಯಿತು, ಬರಲಿಲ್ಲ! ಜಾಕಿ ಹಾಕಿ ಎತ್ತಿ ಐನೋರನ್ನು ಬಿಡಿಸಿಕೊಂಡೆವು.

ಅದೇ ಕಾರಿನಲ್ಲಿ ಕೆ.ಆರ್. ನಗರಕ್ಕೆ ಬೀಗರ ಊಟಕ್ಕೆ ಹೊರಟೆವು. ನಮ್ಮ ಕಡೆ ರಸ್ತೆಯಲ್ಲಿ ಹಂಪುಗಳು ಎಷ್ಟಿವೆ ಅಂತ ನಿಮಗೆ ಗೊತ್ತಲ್ಲ? ಮನೆಗೊಂದು ಹಂಪು, ಮರಕ್ಕೊಂದು ಹಂಪು. ಜನ ಕೂತಿದ್ದರೆ ಈ ಕಾರಿನ ಹೊಟ್ಟೆ ಉಜ್ಜುತ್ತದೆ. ಹಂಪು ಬಂದಾಗಲೆಲ್ಲ “ಅಜ್ಜಿ, ವಸಿ ಇಳ್ಕೊ” ಅನ್ನುವಳು. ನಾನು, ನನ್ನ ಮಗ, ಸೊಸೆ ಇಳಿಯುವುದು. ಕಾರು ಏಡಿಯ ಹಾಗೆ ಓರೆಯಾಗಿ ಹತ್ತಿ ಇಳಿಯುವುದು. ನಾವು ಮತ್ತೆ ಹತ್ತುವುದು. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಹತ್ತಬಹುದು, ಇದು ಬಾವಿಗೆ ಇಳಿದ ಹಾಗೆ! ಯಜಮಾನರನ್ನು ಮಾತ್ರ ಇಳಿಸಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಮದುವಣಿಗನಂತೆ ಕೂತೇ ಇದ್ದರು. ನಾವು ತಲುಪುವಷ್ಟರಲ್ಲಿ ಪಂಕ್ತಿ ಎದ್ದು, ಮಟನ್ ಮುಗಿದು, ತಳದಲ್ಲಿ ಗಸಿ ಉಳಿದಿತ್ತು.

ಬೀಗಿತ್ತಿ ಕೇಳಿದಳು, “ಎಂಗ್ ಬಂದ್ರವ್ವ ಇಷ್ಟೊತ್ನಲ್ಲಿ? ಬಸ್ಸಲ್ಲಾ?”

“ಇಲ್ಲ ಕಣವ್ವ, ನಡ್ಕಂಡ್ ಬಂದ್ವಿ. ಜೊತೆಗೊಂದು ಕಾರು ಇತ್ತು,” ಅಂದೆ.

ನಗಬೇಡಿ, ಮುಂದಿನದು ಕೇಳಿ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಇದೆಯಲ್ಲ, ಬೆಳೆ ಇಲ್ಲದ ತಿಂಗಳುಗಳಲ್ಲಿ ಅದೇ ಇವಳ ಗ್ಯಾರೇಜು. ಒಂದು ಸಲ ಕಾರಿನ ಮುಂದಿನ ಬಂಪರಿಗೆ ಹೊಸ ಬಣ್ಣ ಹೊಡೆದು, ಧೂಳು ಕೂರಬಾರದು ಅಂತ ಬ್ಯಾರನ್ನಿನ ಮೇಲಿನ ಅಟ್ಟಣೆಗೆ ನೇತುಹಾಕಿದ್ದಳು. ಅಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು. ಕೆಲಸಕ್ಕೆ ಹೊರಟವಳು ತಾತನ ಹತ್ತಿರ, “ಮೇಲಿಂದು ಇಳಿಸೋಗಂಟ ಬೆಂಕಿ ಆಕ್ಬೇಡ ತಾತ” ಅಂದಳು. ತಾತ “ಊಂ” ಅಂದರು. ಕೆಳಗೆಲ್ಲ ಸೊಪ್ಪಿನ ಕಡ್ಡಿ ತುಂಬಿಸಿ, ಬಾಗಿಲು ಹಾಕಿ, ಬೆಂಕಿ ಹಾಕಿದರು!

ಬಾಗಿಲು ತೆಗೆದಾಗ ಸೊಪ್ಪು ನಿಂಬೆಹಣ್ಣಿನಂತೆ ಹಳದಿ ಬಂದಿತ್ತು. ಬಂಪರು ಬಾಡಿದ ಬಾಳೆಎಲೆಯಂತೆ ಕಡ್ಡಿಯ ಎರಡೂ ಕಡೆ ಜೋತುಬಿದ್ದಿತ್ತು. ನನ್ನ ಮಗ ಅದನ್ನು ಹಿಡಿದು ಎಳೆದು ನೋಡಿ, “ಸೊಪ್ಪು ಫಸ್ಟ್ ಗ್ರೇಡು ಕಣಮ್ಮಿ. ನಿನ್ ಬಂಪರ್ರು ಹರಾಜಿನಲ್ಲಿ ಹೋಗಾಕಿಲ್ಲ” ಅಂದ. ಕೂಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಯಜಮಾನರಿಗೆ ವಿಷಯ ತಿಳಿಸಲು ನಾನು ಕೈಸನ್ನೆ ಮಾಡಬೇಕಾಯಿತು. ತಿಳಿದ ಮೇಲೆ ಅವರು ಬ್ಯಾರನ್ನಿನ ಬೀಗದಕೈಯನ್ನು ಮಗನ ಕೈಗಿಟ್ಟು, “ಇನ್ಮೇಲೆ ನೀನೇ ನೋಡ್ಕಳಪ್ಪ. ನನಗೆ ಏನೂ ಹೇಳ್ಬೇಡಿ” ಅಂದರು. ಅಷ್ಟೇ. ಹೋಗಿ ಜಗಲಿಯಲ್ಲಿ ಕೂತರು. ಕೂಸಿನ ನಗು ಅಲ್ಲಿಗೇ ನಿಂತಿತು.

ಆ ಸಲದ ಸೊಪ್ಪು ಬೇಯಿಸಿ ಮುಗಿದ ಮೇಲೆ ಇವಳಿಗೆ ಸೈಲೆನ್ಸರ್ ಹುಚ್ಚು ಹತ್ತಿತು. ಹೊಸ ಬಂಪರು ತರುವುದು ಬಿಟ್ಟು ಹೊಗೆ ಬಿಡುವ ಕೊಳವೆಗಳನ್ನು ತರತೊಡಗಿದಳು. ಉದ್ದನೆಯದು, ಗಿಡ್ಡದು, ಹೊಟ್ಟೆ ಇರುವುದು, ಇಲ್ಲದ್ದು. ಒಂದನ್ನು ಹಾಕುವುದು, ಯಜಮಾನರನ್ನು ಕೈಹಿಡಿದು ತಂದು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸುವುದು, ಕಾರನ್ನು ಗುಡುಗಿಸುವುದು, ಅವರ ಮುಖ ನೋಡುವುದು. ಆಮೇಲೆ ತಲೆ ಅಲ್ಲಾಡಿಸಿ ಬಿಚ್ಚುವುದು!

ಕಿವುಡರ ಮುಂದೆ ಶಂಖ ಊದಿದ ಹಾಗೆ ಅಂತ ಗಾದೆಯಲ್ಲಿ ಕೇಳಿದ್ದೆ. ನಮ್ಮ ಅಂಗಳದಲ್ಲಿ ಕಣ್ಣಾರೆ ಕಂಡೆ.

ಒಂದು ಕೊಳವೆಯಂತೂ ಕಿರ್ರೋ ಅಂತ ಕಿರುಚಿತು. ಪಕ್ಕದ ಮನೆಯವಳು ಸೆರಗು ಬಿಗಿದುಕೊಂಡು ಬಂದಳು.

“ಏನ್ ಅತ್ತೆಮ್ಮ, ನಮ್ಮೆಮ್ಮೆ ಆಲು ಏರಿಸ್ಕಂಡ್ ನಿಂತದೆ! ನಿಮ್ ಮೊಮ್ಮಗಳಿಗೆ ಏಳಿ, ವೀರನಹೊಸಹಳ್ಳಿ ಕಾಡಂಚಿಗೆ ಓಗಿ ಆನೆ ಓಡಿಸ್ಲಿ. ಪಟಾಕಿ ಉಳೀತದೆ!”

ಊರೆಲ್ಲ ಕಿವಿ ಮುಚ್ಚಿಕೊಂಡಿತ್ತು. ಯಜಮಾನರು ಮಾತ್ರ ಕುರ್ಚಿಯಲ್ಲಿ ಕೂತು ಹಲ್ಲು ಚುಚ್ಚಿಕೊಳ್ಳುತ್ತಿದ್ದರು. ಅವರ ಕಿವಿಗೆ ಅದು ಸುಳಿದೂ ಇರಲಿಲ್ಲ.

ಅವತ್ತು ನನ್ನ ಮಗನಿಗೆ ತಡೆಯಲಾಗಲಿಲ್ಲ. “ನೋಡಮ್ಮಿ, ಊರೋರ ಬಾಯಿಗೆ ಬೀಳಕ್ಕಾಗಾಕಿಲ್ಲ ನನ್ ಕೈಲಿ. ಬರೋ ಭಾನುವಾರದೊಳಗೆ ಸದ್ದು ಅಡಗ್ಬೇಕು. ಇಲ್ಲಾಂದ್ರೆ ಕಾರು ಮಾರು.”

“ಅಡಗ್ತದೆ ಬುಡಪ್ಪ,” ಅಂದಳು. ಮುಖ ಮಾತ್ರ ಬಾಡಿತ್ತು. ನಾನು ಸಮಾಧಾನ ಹೇಳಲು ಬ್ಯಾರನ್ನಿಗೆ ಹೋದೆ.

“ಕೀರೋ ಅನ್ನೋ ಕೊಳವೆ ಹೋದ್ರೆ ಹೋಗ್ಲಿ ಬುಡು ಕೂಸೇ. ಓಡಕ್ಕೆ ಸದ್ದು ಯಾಕೆ?”

ಕಾರಿನ ಕೆಳಗಿನಿಂದಲೇ ಹೇಳಿದಳು, “ಓಡಕ್ಕಲ್ಲ ಕಣಜ್ಜಿ. ಗುಡುಗಿದ್ರೆ ಒಣಗಾಕಿದ್ ರಾಗಿ ಒಳಗೆ ತರೋಕೆ ಮೊದ್ಲು ಯಾರ್ ಏಳ್ತಾರೆ?”

“ನಿಮ್ ತಾತ.”

“ನೀನು ಪಕ್ದಲ್ಲಿ ನಿಂತು ಕೂಗಿದ್ರೆ?”

“ತಿರುಗಾಕಿಲ್ಲ.”

“ತಾತಂಗೆ ಕೀಚಲು ಸದ್ದು ಓಗ್ಬುಟ್ಟದೆ. ದಪ್ಪ ಸದ್ದು ಉಳಿದದೆ. ನಾನು ಅದುನ್ನೇ ಉಡುಕ್ತಾ ಇರೋದು. ಊರೋರಿಗೆ ಕೇಳಬಾರದು, ತಾತಂಗೆ ಕೇಳ್ಬೇಕು.”

ಕೇಳಿ ಸುಮ್ಮನಿರುವವಳೇ ನಾನು? “ಅಂದ್ರೆ ನನ್ ಗಂಟಲು ಕೀಚಲು ಅಂತಲೇನೇ?”

“ನಾನಂಗಂದೆನಾ?” ಅಂದವು ಎರಡು ಕಾಲುಗಳು.

ಆ ವಾರ ಕೂಸು ಬಸ್ಸಿನಲ್ಲಿ ಹೋಗಿ ಬಂತು. ಕಾರು ಬ್ಯಾರನ್ನಿನಲ್ಲೇ ಇತ್ತು. ಹಳೆಯ ಕೊಳವೆಗಳನ್ನೆಲ್ಲ ಕತ್ತರಿಸಿ, ಬೆಸೆದು, ನಡುವೆ ಕಡಾಯಿಯಷ್ಟು ದಪ್ಪದ ಹೊಟ್ಟೆ ಇಟ್ಟು ಒಂದು ಹೊಸದನ್ನು ಮಾಡಿದಳು. ಅದು ಹಿಡಿಸುವುದಿಲ್ಲ ಅಂತ, ಅಷ್ಟು ಆಸೆಪಟ್ಟು ಇಳಿಸಿದ್ದ ಕಾರನ್ನು ಮತ್ತೆ ಮೇಲಕ್ಕೆತ್ತಿದಳು. ಕಪ್ಪೆ ಎದ್ದು ನಿಂತಿತು! ಆಮೇಲೆ ಕಂಪ್ಯೂಟರಿನ ವೈರು ಸಿಕ್ಕಿಸಿ, ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಏನೇನೋ ಒತ್ತಿದಳು.

ಭಾನುವಾರ ಬಂತು. ಯಜಮಾನರು ಕುರ್ಚಿಗೆ ಬರಲಿಲ್ಲ. “ಸಾಕ್ ಬುಡಿ, ನನ್ ಎದುರಿಗೆ ಬಾಯಿ ಅಲ್ಲಾಡ್ಸಿ ನಗಾಡ್ಬೇಡಿ” ಅಂತ ಜಗಲಿಯ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಕೂಸು ಅವರನ್ನು ಬಲವಂತ ಮಾಡಲಿಲ್ಲ. ಸುಮ್ಮನೆ ಬ್ಯಾರನ್ನಿಗೆ ಹೋಗಿ ಕೀಲಿ ತಿರುಗಿಸಿದಳು.

ಪಕ್ಕದ ಮನೆಯ ಎಮ್ಮೆ ಮೆಲುಕು ನಿಲ್ಲಿಸಲಿಲ್ಲ. ನನಗೂ ಸರಿಯಾಗಿ ಕೇಳಿಸಲಿಲ್ಲ. ದೂರದಲ್ಲಿ ಯಾರೋ ರಾಗಿ ಬೀಸಿದ ಹಾಗೆ ಗುಂಯ್ ಅಂದಿತು, ಅಷ್ಟೇ.

ಯಜಮಾನರು ಮಗ್ಗುಲು ಬದಲಾಯಿಸಿದರು. ಎದ್ದು ಕೂತರು. ಜಗಲಿ ಕಲ್ಲಿಗೆ ಅಂಗೈ ಒತ್ತಿದರು, ಆಮೇಲೆ ತೆಗೆದರು, ತಲೆ ಓರೆ ಮಾಡಿದರು.

“ಏನೋ ಗುಡುಗ್ತಾ ಅದೆಯಲ್ಲ,” ಅಂದರು.

ನನ್ನ ಮಗ ತುತ್ತು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತ.

“ಬೆಳಗಿಂದ ಮೋಡ ಇಲ್ವಲ್ಲ,” ಅಂತ ಯಜಮಾನರು ಆಕಾಶ ನೋಡಿದರು. ಬ್ಯಾರನ್ನಿನ ಕಡೆ ತಿರುಗಿದರು. “ಓಹೋ! ನಮ್ಮ ಕೂಸಿನ ಕಾರಾ?”

ಕಾರಿನಿಂದ ಇಳಿದು ಬಂದ ಕೂಸಿನ ಮುಖ ನೋಡಬೇಕಿತ್ತು ನೀವು! ಮೂಗಿನ ತುದಿಯವರೆಗೂ ಗ್ರೀಸು. ಹಾಗೆಯೇ ತಾತನ ಹೆಗಲಿಗೆ ಒರಗಿಕೊಂಡಿತು. ಅವರ ಬಿಳಿ ಶರಟಿನ ಮೇಲೆ ಆ ಕಪ್ಪು ಇನ್ನೂ ಹಾಗೇ ಇದೆ. ನಾನು ಉಜ್ಜಿ ಒಗೆದಿಲ್ಲ. ಒಗೆಯುವುದೂ ಇಲ್ಲ. ನನ್ನ ಮಗ ಒಳಗೆ ಹೋಗಿ, ಬ್ಯಾರನ್ನಿನ ಬೀಗದಕೈ ತಂದು ಅಪ್ಪನ ಎಲೆಅಡಿಕೆ ಚೀಲಕ್ಕೆ ಹಾಕಿದ. ಕಾರು ಮಾರುವ ಮಾತು ಮತ್ತೆ ಬರಲಿಲ್ಲ.

ಈಗ ಜಪಾನಿನ ಅಳಿಯ ನಮ್ಮ ಮನೆಯ ಅಳಿಯನೇ. ಅವನಿಗೆ ಹಬ್ಬಕ್ಕೆ ಮೊದಲ ಹೂವಿನ ಹಾರ ನಾನೇ ಹಾಕುತ್ತೇನೆ. ಯಜಮಾನರು ಟೀ ಅಂಗಡಿಗೂ ಹೋಗುತ್ತಾರೆ. ಅಲ್ಲಿ ಆಡುವ ಮಾತು ಈಗಲೂ ಕೇಳುವುದಿಲ್ಲ, ಆದರೆ ತಮ್ಮ ಮಾತು ತಾವು ಆಡುತ್ತಾರೆ. ಹೆಚ್ಚಿನದು ಕೂಸಿನ ಕಾರಿನದೇ.

ಸಂಜೆ ನಾನು ಅಡಿಗೆಮನೆಯಲ್ಲಿರುತ್ತೇನೆ. ನನ್ನ ಚುರುಕು ಕಿವಿಗೆ ಇನ್ನೂ ಏನೂ ಬಿದ್ದಿರುವುದಿಲ್ಲ. ಕಾರು ಮೇನ್ ರೋಡಿನಿಂದ ನಮ್ಮ ಊರಿಗೆ ತಿರುಗಿರುತ್ತದೆಯೋ ಇಲ್ಲವೋ, ಜಗಲಿಯಿಂದ ಹಳೆಯ ಗಂಟಲು ಏಳುತ್ತದೆ.

“ಕೂಸು ಬಂತು, ಎಸರಿಡಮ್ಮಿ!”

ಎಸರು ಆಗಲೇ ಒಲೆಯ ಮೇಲೆ ಕುದಿಯುತ್ತಿರುತ್ತದೆ. ಆದರೂ ನಾನು ಕೇಳಿಸದವಳ ಹಾಗೆ ಸುಮ್ಮನೆ ನಿಂತಿರುತ್ತೇನೆ. ಇನ್ನೊಂದು ಸಲ ಕೂಗಲಿ ಅಂತ.