ಸನ್ಮಾನದ ಶಾಲಿನ ಅಗ್ನಿಪರೀಕ್ಷೆ

ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಮೋಸ ಮಾಡಬಹುದು, ಬಟ್ಟೆಯ ವಿಷಯದಲ್ಲಿ ನನಗೆ ಮಾತ್ರ ಸಾಧ್ಯವಿಲ್ಲ. ಹಾಗಾಗಿ ಪೆರ್ಲದ ಕಲಾಸಂಘದವರು ನನ್ನ ತಾಳಮದ್ದಳೆಯ ಮಾತುಗಾರಿಕೆಗೆ ಮೆಚ್ಚಿ ರೇಷ್ಮೆ ಶಾಲು ಹೊದೆಸಿದ ಸಂಜೆಯೇ ಶಪಥ ಮಾಡಿದೆ: ಇದರ ಬಣ್ಣ ಬಯಲು ಮಾಡದೆ ವಿರಮಿಸೆ!

ಶಾಲು ಅಸಲಿಯಾದರೆ ಸಂಘದವರ ಗೌರವವೂ ಅಸಲಿ. ನೈಲಾನ್ ಆದರೆ ನಾನು ರಾವಣನಾಗಿ ಗಂಟಲು ಹರಿದುಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಮರುದಿನ ಬೆಳಗ್ಗೆ ಜಗಲಿಯಲ್ಲಿ ನ್ಯಾಯಪೀಠ ಸ್ಥಾಪನೆಯಾಯಿತು. ಆರೋಪಿ ಶಾಲು. ಸಾಕ್ಷಿಗಳು ಹೆಂಡತಿ ಮೋಹಿನಿಯ ಮದುವೆಯ ಅಪ್ಪಟ ರೇಷ್ಮೆಯ ಪಟ್ಟೆಸೀರೆ, ಭಾವ ದುಬೈಯಿಂದ ತಂದ ಲಿನನ್ ಅಂಗಿ ಮತ್ತು ನಾನು ಉಟ್ಟಿದ್ದ ಕೈಮಗ್ಗದ ಹತ್ತಿ ಮುಂಡು. ಕಣ್ಣು ಮುಚ್ಚಿ ಒಂದೊಂದನ್ನೇ ಕೆನ್ನೆಗೆ ಉಜ್ಜಿದೆ. ಮುಂಡು ಮೆತ್ತಗೆ ಬೆವರು ಕುಡಿಯಿತು. ಲಿನನ್ ಕೊಂಚ ಒರಟು, ಆದರೆ ಬಾಗಿಲು ತೆರೆದಿಟ್ಟ ಮನೆಯಂತೆ ಗಾಳಿಯಾಡಿತು. ಪಟ್ಟೆಸೀರೆ ನುಣ್ಣಗೆ ಜಾರುತ್ತಲೇ ಬೆಚ್ಚಗಾಯಿತು. ಶಾಲೂ ಬೆಚ್ಚಗಾಯಿತು. ಅಷ್ಟಕ್ಕೇ ನಂಬುವುದೇ? ಅದು ನನ್ನ ಕೆನ್ನೆಯದೇ ಬಿಸಿ ಇರಬಹುದು.

"ಎಂತ, ನನ್ನ ಸೀರೆಯನ್ನು ಮುದ್ದು ಮಾಡುವುದು?" ಬಾಗಿಲಲ್ಲಿ ಮೋಹಿನಿ. "ನಾನು ಉಟ್ಟಾಗ ಇಷ್ಟು ಪ್ರೀತಿ ಕಂಡದ್ದಿಲ್ಲ."

"ಪರೀಕ್ಷೆ ಇದು. ಇನ್ನು ಬೆಂಕಿಯದ್ದು ಬಾಕಿ ಉಂಟು. ರೇಷ್ಮೆ ನೂಲು ಸುಟ್ಟರೆ ಕೂದಲಿನ ವಾಸನೆ ಬರ್ತದೆ. ನೈಲಾನ್ ಆದರೆ ಕರಗಿ ಉಂಡೆ ಆಗ್ತದೆ."

"ನನ್ನ ಸೀರೆಯ ಹತ್ತಿರ ಬೆಂಕಿಪೆಟ್ಟಿಗೆ ತಂದರೆ, ಮೀಸೆಯ ವಾಸನೆ ಹೇಗೆ ಅಂತ ನಾನು ತೋರಿಸ್ತೇನೆ."

ಮುಖ್ಯ ಸಾಕ್ಷಿಯನ್ನು ಅವಳು ಕಪಾಟಿಗೆ ಒಯ್ದಳು. ನಾನು ಶಾಲಿನ ಮೂಲೆಯಿಂದ ಒಂದು ನೂಲು ಎಳೆದು ಕಡ್ಡಿ ಗೀರಿದೆ. ನೂಲಿನ್ನೂ ಶಾಲನ್ನು ಬಿಟ್ಟಿರಲಿಲ್ಲ! ಕಿಡಿ ಮೂಲೆಗೆ ಓಡಿ, ರೂಪಾಯಿ ನಾಣ್ಯದಗಲ ತೂತು ಕೊರೆದು, ತಾನಾಗಿ ನಂದಿತು. ಮೂಗಿಗೆ ಸುಟ್ಟ ಕೂದಲಿನ ವಾಸನೆ. ಬೂದಿ ಬೆರಳಲ್ಲಿ ಪುಡಿಪುಡಿ.

"ಅಸಲಿ!" ಎಂದು ಕುಣಿದೆ.

"ಶಾಲು ಅಸಲಿ. ಬುದ್ಧಿ?" ಎಂದಳು ಮೋಹಿನಿ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಚೆನ್ನಯ್ಯ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ಹಿಡಿದು ಅಂಗಳಕ್ಕೆ ಬಂದರು.

"ಬೇಜಾರು ಮಾಡಬೇಡಿ ಮಾರಾಯ್ರೆ. ನಿನ್ನೆ ಹೊದೆಸಿದ್ದು ಸಂಘದ ಶಾಲು, ಫೋಟೋಕ್ಕೆ ಮಾತ್ರ. ಸಭೆಯಲ್ಲಿ ವಾಪಸು ಕೇಳಿದರೆ ಚಂದ ಅಲ್ಲ. ಮರುದಿನ ಬದಲಾಯಿಸುವುದು ನಮ್ಮ ಕ್ರಮ. ನಿಮಗೆ ಇದು."

ತೊಟ್ಟೆಯೊಳಗಿನ ಶಾಲನ್ನು ಮುಟ್ಟಿದೆ. ಪರೀಕ್ಷೆಯ ಅಗತ್ಯವೇ ಬೀಳಲಿಲ್ಲ.

ತೂತನ್ನು ಒಳಗೆ ಮಡಚಿ, ರಾಜ್ಯ ಕಳೆದುಕೊಂಡ ಧರ್ಮರಾಯನಂತೆ ರೇಷ್ಮೆ ಶಾಲನ್ನು ಒಪ್ಪಿಸಿದೆ. ಚೆನ್ನಯ್ಯ ಅದನ್ನು ಮೂಗಿನ ಹತ್ತಿರ ಹಿಡಿದರು. ನನ್ನ ಮುಂಡು ಮತ್ತೆ ಬೆವರು ಕುಡಿಯತೊಡಗಿತು. ಅವರು ಬೈಯಲಿಲ್ಲ. ಇನ್ನೊಂದು ತುದಿಯಲ್ಲಿ ಮಡಚಿ ಹೊಲಿದಿದ್ದ ಅಂಚನ್ನು ಬೆರಳಿನಿಂದ ಅಗಲಿಸಿ ತೋರಿಸಿದರು. ಒಳಗೆ ಸಾಲಾಗಿ ಪುಟ್ಟ ಪುಟ್ಟ ಸುಟ್ಟ ತೂತುಗಳು.

"ಇದು ಭಾಗವತರದ್ದು. ಇದು ಹೆಡ್‌ಮಾಸ್ಟ್ರದ್ದು. ಇದು ವೈದ್ಯರದ್ದು. ಸನ್ಮಾನ ಆದವರೆಲ್ಲ ಒಮ್ಮೆ ಸುಟ್ಟು ನೋಡಿಯೇ ಕೊಡುವುದು. ನಿಮ್ಮದು ಮಾತ್ರ ಸ್ವಲ್ಪ ಅಗಲ ಆಯ್ತು. ಪರವಾಗಿಲ್ಲ, ದೊಡ್ಡ ಕಲಾವಿದರಲ್ಲವಾ?"