ಕೊಕ್ಕರೆಗೆ ಬಿದ್ದ ಒಂದೇ ಮತ

ಮಿಕಿಯೋನನ ಕಷ್ಟಕ್ಕೆಲ್ಲ ಮೂಲ ಅವನದೇ ಹೆಸರು. ಡಯೋನೈಸಸ್ ದೇವರ ಹಬ್ಬದ ಬೆಳಿಗ್ಗೆ, ಅಥೆನ್ಸಿನ ಗುಡ್ಡದ ಮಗ್ಗುಲಿನ ರಂಗಸ್ಥಳದಲ್ಲಿ ಹುರಿಗಡಲೆ ತಿನ್ನುತ್ತ ಆರಾಮವಾಗಿ ಕೂತಿದ್ದವನ ಹೆಸರನ್ನು ಹಬ್ಬದ ಅಧಿಕಾರಿ ಮಡಕೆಯೊಳಗಿಂದ ಎತ್ತಿ ಕೂಗಿಬಿಟ್ಟ. ಅವತ್ತು ಆಡುವ ಮೂರು ಹಾಸ್ಯ ನಾಟಕಗಳಿಗೆ ತೀರ್ಪು ಕೊಡುವ ಹತ್ತು ಮಂದಿಯಲ್ಲಿ ಚಪ್ಪಲಿ ಹೊಲಿಯುವ ಮಿಕಿಯೋನನೂ ಒಬ್ಬನಾದ. ಗಾಬರಿಯಲ್ಲಿ ಅವನ ಕೈಯಲ್ಲಿದ್ದ ಕಡಲೆಯೆಲ್ಲ ಮುಂದೆ ಕೂತವನ ಬೆನ್ನೊಳಗೆ ಸುರಿದುಹೋಯಿತು.

“ನಮ್ಮ ಬೀದಿಯೋನು! ನಮ್ಮ ಬೀದಿಯೋನು ಕಣ್ರೋ!” ಎಂದು ಪಕ್ಕದಲ್ಲಿದ್ದ ಕ್ಷೌರಿಕ ಕೋಮಿಯಾಸ ಎದ್ದು ಕುಣಿದ. “ಇನ್ನೇನಯ್ಯಾ, ಗೆದ್ದಂಗೇ. ಹೋಗು, ಸೌಟು ಅಂತ ಬರ್ದು ಬಾ.”

ಸೌಟು ಎಂದರೆ ‘ಸೌಟುಗಳು’, ಹೊಸ ಕವಿಯೊಬ್ಬನ ನಾಟಕ. ಇಪ್ಪತ್ತನಾಲ್ಕು ಜನರ ಮೇಳ ಸೌಟಿನ ವೇಷ ಹಾಕಿ ಕುಣಿಯುವ ಆಟ. ಅದರಲ್ಲಿ ಹದಿನಾಲ್ಕನೆಯ ಸೌಟು ಕೋಮಿಯಾಸನ ಮಗ. ಮುಖವಾಡ ಮಾಡಿದವನು ಮಿಕಿಯೋನನ ಹೆಂಡತಿಯ ತಮ್ಮ ಪೈಥಿಯಾಸ. ಕೊನೆಯಲ್ಲಿ ದೇವರನ್ನು ಆಕಾಶದಿಂದ ಇಳಿಸುವ ರಾಟೆಯ ಹಗ್ಗ ಹಿಡಿದವನು ಮೂಲೆಮನೆಯವನು. ಒಟ್ಟಿನಲ್ಲಿ ಬೀದಿಗೆ ಬೀದಿಯೇ ಸೌಟಿನ ಕಡೆ ನಿಂತಿತ್ತು.

ಆದರೆ ಎರಡನೆಯ ನಾಟಕ ಮುದುಕ ಫಿಲಾಗ್ರೋಸನದು. ಹೆಸರು ‘ಮರಳಿ ಬಂದ ಕೊಕ್ಕರೆಗಳು’. ಮಿಕಿಯೋನನಿಗೆ ಕರುಳು ಚುರ್ರೆಂದದ್ದು ಅಲ್ಲೇ.

ಮೂವತ್ತು ವರ್ಷದ ಹಿಂದೆ ಫಿಲಾಗ್ರೋಸನ ಮೊದಲ ‘ಕೊಕ್ಕರೆಗಳು’ ನಾಟಕದಲ್ಲಿ ಮಿಕಿಯೋನ ಹಿಂದಿನ ಸಾಲಿನ ಮೂರನೆಯ ಕೊಕ್ಕರೆಯಾಗಿದ್ದ. ಆಗ ಅವನಿಗೆ ಹತ್ತೊಂಬತ್ತು. ಒಂದಿಡೀ ಚಳಿಗಾಲ ಎಣ್ಣೆಗಾಣದ ಹಿಂದಿನ ಕೊಟ್ಟಿಗೆಯಲ್ಲಿ ಅಭ್ಯಾಸ ನಡೆದಿತ್ತು. ಅಂಟಿನ ವಾಸನೆ, ಗಂಜಿಯ ಹಬೆ, ಎಲ್ಲರ ಕೂದಲಲ್ಲೂ ಪುಕ್ಕ. ಫಿಲಾಗ್ರೋಸ ಕೋಲಿನಿಂದ ಮರದ ಬಾನಿಯ ಮೇಲೆ ಬಡಿದು ತಾಳ ಹಾಕುತ್ತಿದ್ದ. ನಾಟಕದ ನಡುವೆ ಮೇಳವೆಲ್ಲ ಜನರ ಕಡೆ ತಿರುಗಿ, ಕವಿಯ ಪರವಾಗಿ ನೇರ ಮಾತಾಡುವ ಹೊತ್ತು ಬರುತ್ತದಲ್ಲ, ಅದನ್ನು ಪೂರ್ತಿ ಒಂಟಿಕಾಲಿನಲ್ಲೇ ನಿಂತು ಹೇಳಬೇಕಿತ್ತು. “ಕಾಲು ಇಳಿಸಿದೋನಿಗೆ ಅಂಜೂರ ಇಲ್ಲ!” ಎಂದು ಅವನು ಗದರುತ್ತಿದ್ದ. ಇಳಿಸದವರಿಗೆ ಸಂಜೆ ಒಂದೊಂದು ಒಣ ಅಂಜೂರ. ಅಂಥ ಸಿಹಿಯಾದ ಅಂಜೂರವನ್ನು ಮಿಕಿಯೋನ ಆಮೇಲೆ ಜನ್ಮದಲ್ಲಿ ತಿಂದಿಲ್ಲ. ಆ ವರ್ಷ ಅವರು ಗೆದ್ದಿದ್ದರು. ಜೀವನದಲ್ಲಿ ಅವನು ಗೆದ್ದದ್ದೂ ಅದೊಂದೇ ಸಲ.

ಮೊದಲನೆಯ ನಾಟಕ ಮುಗಿದು ಜನ ಮೈಮುರಿಯುತ್ತಿದ್ದಾಗ, ತೀರ್ಪುಗಾರರ ಬೆಂಚಿನ ಬಳಿಗೆ ಒಬ್ಬ ಮುದುಕ ಕಾಲೆಳೆಯುತ್ತ ಬಂದ. ಅದೇ ಫಿಲಾಗ್ರೋಸ. ಕೈಯಲ್ಲಿ ಪಟ್ಟಿ ಹರಿದ ಚಪ್ಪಲಿ.

“ಲೋ, ಮೂರನೇ ಕೊಕ್ಕರೆ!” ಎಂದ. ಹೆಸರು ಅವನಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. “ಇದನ್ನ ಸ್ವಲ್ಪ ನೋಡ್ತೀಯೇನೋ?”

ಮಿಕಿಯೋನ ದಡಬಡಿಸಿ ಎದ್ದು ಸೊಂಟದ ಚೀಲದಿಂದ ದಬ್ಬಳ ತೆಗೆದ. ತೊಗಲಿನ ಪಟ್ಟಿ ಮಾತ್ರ ಇರಲಿಲ್ಲ. ತನ್ನ ಎಡಗಾಲಿನ ಚಪ್ಪಲಿಯ ಪಟ್ಟಿಯನ್ನೇ ಕಿತ್ತು ಅಲ್ಲೇ ಕೂತು ಹೊಲಿದುಕೊಟ್ಟ.

“ಮತ ಕೇಳೋಕೆ ಬಂದೆ ಅಂದ್ಕೋಬೇಡ ಮತ್ತೆ,” ಎಂದ ಮುದುಕ, ಚಪ್ಪಲಿ ಮೆಟ್ಟುತ್ತ. “ಗೆಲ್ಲಲ್ಲ ಅಂತ ನಂಗೂ ಗೊತ್ತು. ನನ್ನ ಜೋಕು ನನಗಿಂತ ಮುದಿಯಾಗವೆ. ಇದೇ ಕೊನೇ ನಾಟಕ ಕಣೋ. ಒಂದೇ ಒಂದು ಮತ ಬಿದ್ರೆ ಸಾಕಪ್ಪ. ಒಂದೂ ಬೀಳದೆ ಮನೆಗೆ ನಡ್ಕೊಂಡು ಹೋಗೋ ದಾರಿ ಐತಲ್ಲ, ಅದು ಭಾಳ ಉದ್ದ.”

“ಬೀಳುತ್ತೆ ಗುರುಗಳೇ,” ಎಂದ ಮಿಕಿಯೋನ.

ಕೊಕ್ಕರೆಗಳು ಬಂದವು. ಮುದುಕ ಹೇಳಿದ್ದು ಸುಳ್ಳಾಗಿರಲಿಲ್ಲ. ನಾಟಕದಲ್ಲಿ ಲೇವಡಿ ಮಾಡಿಸಿಕೊಂಡ ಮುಖಂಡರೆಲ್ಲ ಸತ್ತು ಹದಿನೈದು ವರ್ಷವಾಗಿತ್ತು. ಜನ ಹಿಮ್ಮಡಿಯಿಂದ ಕಲ್ಲುಬೆಂಚು ಗುದ್ದತೊಡಗಿದರು. ಯಾರೋ ಕಡಲೆ ತೂರಿದರು. ಅಷ್ಟರಲ್ಲಿ ಜೋಡಿಕೊಳಲಿನವನು ಒಂದು ಹಳೆಯ ಮಟ್ಟು ಎತ್ತಿಕೊಂಡ. ಮೇಳ ಜನರ ಕಡೆ ತಿರುಗಿ ಒಂದು ಕಾಲೆತ್ತಿ ನಿಂತಿತು. ಅದೇ ಮಟ್ಟು, ಅದೇ ಹಾಡು! ಮಿಕಿಯೋನನ ಕಣ್ಣು ಮಂಜಾಯಿತು. ಕೊಟ್ಟಿಗೆ ಕಂಡಿತು, ಗಂಜಿಯ ಹಬೆ ಕಂಡಿತು, ಈಗ ಬದುಕಿಲ್ಲದ ಗೆಳೆಯರ ಮುಖಗಳು ಕಂಡವು. ಅವನಿಗೆ ಗೊತ್ತಿಲ್ಲದಂತೆ ಅವನು ಎದ್ದು ನಿಂತಿದ್ದ. ಬಲಗಾಲು ತಾನಾಗಿ ಮೇಲೆದ್ದಿತ್ತು.

ಹತ್ತೊಂಬತ್ತರ ಕಾಲು ಬೇರೆ, ನಲವತ್ತೊಂಬತ್ತರ ಕಾಲು ಬೇರೆ. ಹಾಡಿನ ನಾಲ್ಕನೆಯ ಸಾಲಿಗೆ ಅವನು ಓಲಾಡಿದ, ಐದನೆಯ ಸಾಲಿಗೆ ಪಕ್ಕದಲ್ಲೇ ವಿರಾಜಮಾನನಾಗಿದ್ದ ದೇವರ ಪೂಜಾರಿಯ ತೊಡೆಯ ಮೇಲೆ ಧೊಪ್ಪನೆ ಬಿದ್ದ. ರಂಗಸ್ಥಳಕ್ಕೆ ರಂಗಸ್ಥಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊಕ್ಕರೆಗಳಿಗೆ ಸಿಕ್ಕ ದೊಡ್ಡ ನಗೆ ಅದೇ. ನಗದೆ ಕೂತಿದ್ದವರೆಂದರೆ ಅವನ ಬೀದಿಯವರು ಮಾತ್ರ.

ಊಟದ ಬಿಡುವಿನಲ್ಲಿ ಮಿಕಿಯೋನ ಮನೆ ಕಡೆ ಓಡಿದ. ಹಿಂದೆಯೇ ಕೋಮಿಯಾಸ ಬಂದ.

“ಏನಯ್ಯಾ, ಕಾಲೆತ್ತಿಬಿಟ್ಯಲ್ಲ?”

“ಜೋಮು ಹಿಡಿದಿತ್ತು ಕಣಯ್ಯಾ.”

“ಜೋಮೋ? ನೋಡು ಮಿಕಿಯೋನ, ನಿನ್ನ ಗಡ್ಡ ಮಾಡೋನು ನಾನೇ. ಕತ್ತಿ ಕುತ್ತಿಗೆ ಮ್ಯಾಲಿರುವಾಗ ನಂಗೂ ಕೈ ಜೋಮು ಹಿಡಿಯುತ್ತೆ, ಆಯ್ತಾ?”

ಮನೆಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಹೆಂಡತಿ ಕ್ರಿಸಿಲ್ಲಾ ಒಲೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ.

“ನನ್ನ ತಮ್ಮ ಮೂರು ತಿಂಗಳು ಊಟ ನಿದ್ದೆ ಬಿಟ್ಟು ಮುಖವಾಡ ಮಾಡ್ದ. ನೀವು ಹೋಗಿ ಕೊಕ್ಕರೆ ಮುಂದೆ ಕಾಲೆತ್ತುತೀರಾ? ನಾಳೆ ನಾನು ತವರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಅಲ್ವೇ, ದೇವರ ಮೇಲೆ ಆಣೆ ಮಾಡಿದ್ದೀನಿ. ಚೆನ್ನಾಗಿರೋದಕ್ಕೇ ಮತ ಅಂತ...”

“ದೇವರು ನಿಮಗೆ ಗಂಜಿ ಕಾಯ್ಸಿ ಹಾಕ್ತಾನಾ? ಸೌಟು ಗೆಲ್ಲಲಿಲ್ಲ ಅಂದ್ರೆ ಈ ಬಾಗಿಲು ತೆಗಿಯಲ್ಲ. ಯಾವ್ದಾದ್ರೂ ಮರ ಹತ್ತಿ ಗೂಡು ಕಟ್ಕೊಳ್ಳಿ!”

ಅತ್ತ ದರಿ, ಇತ್ತ ಪುಲಿ. ಮಿಕಿಯೋನ ಖಾಲಿ ಹೊಟ್ಟೆಯಲ್ಲೇ ವಾಪಸು ಬಂದು ಕೂತ.

‘ಸೌಟುಗಳು’ ಕೆಟ್ಟ ನಾಟಕವೇನಲ್ಲ. ಕೊನೆಯಲ್ಲಿ ಇಳಿಯಬೇಕಾದ ದೇವರು ರಾಟೆ ಸಿಕ್ಕಿಹಾಕಿಕೊಂಡು ನಡುಗಾಳಿಯಲ್ಲೇ ತಿರುಗುತ್ತ, “ಇಳಿಸ್ರೋ, ತಲೆ ಸುತ್ತುತ್ತೆ!” ಎಂದು ಅರಚಿದ. ಅದೂ ನಾಟಕವೆಂದುಕೊಂಡು ಜನ ಕೇಕೆ ಹಾಕಿದರು. ಮಿಕಿಯೋನನಿಗೂ ನಗು ಬಂತು. ಆದರೆ ಅವನ ಮತ ಯಾರದೆಂದು ಅವನ ಎದೆಗೆ ಗೊತ್ತಿತ್ತು.

ಹತ್ತು ಮಂದಿಗೂ ಮೇಣ ಬಳಿದ ಪುಟ್ಟ ಹಲಗೆ ಕೊಟ್ಟರು. ಗೆಲ್ಲಬೇಕಾದ ನಾಟಕದ ಹೆಸರು ಕೊರೆದು ಮಡಕೆಗೆ ಹಾಕಬೇಕು. ಮಿಕಿಯೋನ ಕಡ್ಡಿ ಹಿಡಿದು ‘ಕೊಕ್ಕರೆ’ ಎಂದು ಬರೆಯಲು ಹೊರಟವನು ಒಮ್ಮೆ ಹಿಂತಿರುಗಿ ನೋಡಿದ. ನೋಡಬಾರದಿತ್ತು. ಇಡೀ ಬೀದಿ ಎದ್ದು ನಿಂತಿತ್ತು. ಕೋಮಿಯಾಸ ಹೆಬ್ಬೆರಳನ್ನು ತನ್ನ ಗಂಟಲಿನ ಮೇಲೆ ನಿಧಾನವಾಗಿ ಎಳೆದುಕೊಂಡ. ಪೈಥಿಯಾಸ ಅಕ್ಕನ ಪರವಾಗಿ ಬಾಗಿಲು ಹಾಕುವ ಅಭಿನಯ ಮಾಡಿ ತೋರಿಸಿದ.

ಮಿಕಿಯೋನ ಮತ್ತೆ ಹಲಗೆಯ ಕಡೆ ತಿರುಗಿದ. ‘ಇನ್ನೂ ಒಂಬತ್ತು ಜನ ಇದ್ದಾರಲ್ಲ, ಯಾರಾದರೂ ಒಬ್ಬರು ಮುದುಕನಿಗೆ ಹಾಕಿಯೇ ಹಾಕುತ್ತಾರೆ’ ಎಂದು ತನಗೆ ತಾನೇ ಹೇಳಿಕೊಂಡು ‘ಸೌಟು’ ಎಂದು ಕೊರೆದ. ಹಲಗೆಯನ್ನು ಮಡಕೆಗೆ ಹಾಕಿದಾಗ ಆದ ಸದ್ದಿಗೆ ತಾನೇ ಬೆಚ್ಚಿದ.

ಹತ್ತರಲ್ಲಿ ಐದನ್ನು ಮಾತ್ರ ಕಣ್ಣುಮುಚ್ಚಿ ಎತ್ತುವುದು ಪದ್ಧತಿ. ಉಳಿದ ಐದನ್ನು ಯಾರೂ ಓದುವುದಿಲ್ಲ, ಅದು ದೇವರ ಪಾಲು. ಅಧಿಕಾರಿ ಒಂದೊಂದಾಗಿ ಎತ್ತಿ ಕೂಗಿದ. ಸೌಟು. ಸೌಟು. ಮೊದಲನೆಯ ನಾಟಕಕ್ಕೆ ಒಂದು. ಮತ್ತೆ ಸೌಟು. ಬೀದಿಯವರ ಕೂಗು ಮುಗಿಲು ಮುಟ್ಟಿತು. ಆ ಗದ್ದಲದ ನಡುವೆ ಐದನೆಯ ಹಲಗೆ ಬಂತು.

“ಕೊಕ್ಕರೆ!”

ಮಿಕಿಯೋನ ತಿರುಗಿ ಬೆಂಚಿನ ಮೇಲಿದ್ದವರನ್ನೆಲ್ಲ ನೋಡಿದ. ಕೊನೆಯಲ್ಲಿ ಕೂತ, ಎಲ್ಲಿಯವನೋ ಒಬ್ಬ ಕುಂಬಾರ ಹಳೆಯ ಮಟ್ಟನ್ನು ಮೆಲ್ಲಗೆ ಗುನುಗುತ್ತಿದ್ದ. ಅಷ್ಟರಲ್ಲಿ ಅಧಿಕಾರಿ ಮಡಕೆಯಲ್ಲಿ ಉಳಿದ ಹಲಗೆಗಳನ್ನು ಹೊರಗೆ ಸುರಿದು ಮೇಣ ಒರೆಸತೊಡಗಿದ. ಮೊದಲು ಒರೆಸಿದ ಹಲಗೆಯ ಅಂಚಿನಲ್ಲಿ ಚಪ್ಪಲಿಯ ಅಂಟು ಮೆತ್ತಿದ ಹೆಬ್ಬೆಟ್ಟಿನ ಗುರುತಿತ್ತು. ಅದು ಮಿಕಿಯೋನನದು. ಸೌಟು ಅವನ ಮತವಿಲ್ಲದೆಯೇ ಗೆದ್ದಿತ್ತು. ಅವನ ದ್ರೋಹ ಯಾರಿಗೂ ಬೇಕಾಗಿರಲಿಲ್ಲ.

ಗೆದ್ದ ಸಂತೋಷದಲ್ಲಾದರೂ ಬೀದಿಯವರು ಬಿಡಬೇಕಲ್ಲ!

“ಆ ಕೊಕ್ಕರೆ ಮತ ನಿಂದೇ ಕಣಯ್ಯಾ, ಮನೆಮುರುಕ!” ಎಂದು ಕೋಮಿಯಾಸ ಮೇಲೇರಿ ಬಂದ. “ಹುಟ್ಟಿದಾಗಿಂದ ಒಂದೇ ಬಾವಿ ನೀರು ಕುಡ್ದಿದ್ದೀವಿ, ನಾಚ್ಕೆ ಆಗ್ಲಿಲ್ವಾ?”

“ನನ್ನ ಮಾತು ಕೇಳಯ್ಯಾ, ನಾನು...”

ಸೌಟಿಗೇ ಹಾಕಿದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗಲೇ ಹಿಂದಿನಿಂದ ಎರಡು ಒಣಗಿದ ತೋಳು ಅವನನ್ನು ಬಳಸಿದವು. ಫಿಲಾಗ್ರೋಸ ಮಗುವಿನಂತೆ ಅಳುತ್ತಿದ್ದ.

“ನಂಗೆ ಗೊತ್ತಿತ್ತು ಕಣೋ, ಮೂರನೇ ಕೊಕ್ಕರೆ. ಕಾಲು ಸೋತರೂ ನೀನು ಮಾತಿಗೆ ತಪ್ಪೋನಲ್ಲ. ಊರೆಲ್ಲ ಮರೆತರೂ ನೀನೊಬ್ಬ ಮರೀಲಿಲ್ಲವಲ್ಲೋ!” ಎಂದು ಹೊದ್ದ ಬಟ್ಟೆಯ ಅಂಚಿನ ಗಂಟು ಬಿಚ್ಚಿ ಒಂದು ಒಣ ಅಂಜೂರವನ್ನು ಅವನ ಅಂಗೈಗಿಟ್ಟು ಬೆರಳು ಮುಚ್ಚಿದ. “ತಗೋ. ಕಾಲು ಇಳಿಸದೋನಿಗೆ.”

ಕೋಮಿಯಾಸ ಕೈಕಟ್ಟಿ ನಿಂತು ಕೇಳಿದ, “ಹೂಂ, ಈಗ ಬೊಗಳು. ಯಾರಿಗೆ ಹಾಕ್ದೆ?”

ಮಿಕಿಯೋನ ಮುದುಕನ ಒದ್ದೆ ಕಣ್ಣು ನೋಡಿದ.

“ಕೊಕ್ಕರೆಗೆ,” ಎಂದ.

ಸಂಜೆ ಬೀದಿಯ ತುಂಬ ಸೌಟಿನ ಮೆರವಣಿಗೆ. ಮಿಕಿಯೋನನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

“ಲೇ, ಸೌಟು ಗೆದ್ದಿದೆ ಕಣೇ! ಗೆದ್ದರೆ ತೆಗಿತೀನಿ ಅಂದಿದ್ದೆ!”

“ಗೆದ್ದಿದ್ದು ನಿಮ್ಮಿಂದ ಅಲ್ಲವಲ್ಲ!” ಎಂದಳು ಒಳಗಿನಿಂದ ಕ್ರಿಸಿಲ್ಲಾ.

ಅದಂತೂ ನಿಜವೇ. ವಾದಿಸುವುದಕ್ಕೇನೂ ಇರಲಿಲ್ಲ. ಹೊಸ್ತಿಲ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಪಟ್ಟಿ ಕಿತ್ತುಕೊಟ್ಟ ಎಡಗಾಲು ಬರಿಗಾಲು. ಅದನ್ನು ಮೇಲೆತ್ತಿ, ಗೋಡೆಗೆ ಕೈ ಊರಿ, ಮಿಕಿಯೋನ ಬಲಗಾಲಿನಲ್ಲೇ ನಿಂತ.

“ಕ್ರಿಸಿಲ್ಲಕ್ಕಾ, ಬಾಗಿಲಲ್ಲಿ ಕೊಕ್ಕರೆ ಬಂದು ನಿಂತದೆ, ಒಂದು ಮೀನಾದ್ರೂ ಎಸಿ!” ಎಂದು ಅಂಗಡಿಯಿಂದ ಕೋಮಿಯಾಸ ಕೂಗಿದ. ಬೀದಿಯೆಲ್ಲ ನಕ್ಕಿತು.

ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ನಾಲ್ಕು ಕಡಲೆ. ಮುಷ್ಟಿಯೊಳಗೆ ಅಂಜೂರ ಬೆಚ್ಚಗಾಗಿ ಅಂಟತೊಡಗಿತ್ತು. ಎರಡು ಸಲ ಬಾಯಿಯ ತನಕ ಒಯ್ದ, ಎರಡು ಸಲವೂ ತಿನ್ನಲಾಗದೆ ಕೈ ಇಳಿಸಿದ. ಕಾಲು ಮಾತ್ರ ಇಳಿಸಲಿಲ್ಲ.